ಕೀಲಿ ಹಾಕಿದ ಮನೆಯ ಲೆಕ್ಕ

ಮಲಪ್ರಭೆಯ ದಂಡೆಯ ಮುನವಳ್ಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡ ದೂರವೇನಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆಂದರೆ ಈ ಸೀಮೆಗೆ ಸೀಮೆಯೇ ಗುಡ್ಡದತ್ತ ಮುಖ ಮಾಡುತ್ತದೆ. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳನ್ನು ಸರ್ಕಾರ ಎಣಿಸಿದ ಕಥೆಯೊಂದಿದೆ. ಊರಿನ ಆರೋಗ್ಯದ ಸಮೀಕ್ಷೆಗೆ ಹೊರಡುವವರೆಲ್ಲ ತಿಳಿದಿರಬೇಕಾದ ಕಥೆ ಅದು.

1993–94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಸಿಕ್ಕ ದೇವದಾಸಿಯರು 22,873 ಮಂದಿ. 2007–08ರಲ್ಲಿ ಮತ್ತೆ ಎಣಿಸಿದಾಗ ಇನ್ನೂ 23,787 ಮಂದಿ ಸೇರಿ ಒಟ್ಟು 46,660 ಆಯಿತು. ಮೊದಲ ಪಟ್ಟಿಯನ್ನೇ ನಂಬಿ ಕುಳಿತಿದ್ದರೆ ಈ ಎರಡನೆಯ ಪಾಲಿನವರು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮಾಸಾಶನವೂ ಇಲ್ಲ.

ಹೆಸರು ಬಿಟ್ಟುಹೋಗಲು ಕಾರಣ ಹುಡುಕಬೇಕಿಲ್ಲ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದು ಸಾರಿತು. ಮಗಳನ್ನು ಬಿಟ್ಟ ಹೆತ್ತವರಿಗೆ ಸೆರೆವಾಸ ಗೊತ್ತುಮಾಡಿತು. ಒಳ್ಳೆಯ ಕಾನೂನೇ ಸರಿ. ಆದರೆ ತನ್ನ ಮಾತಿನಿಂದ ಅವ್ವನಿಗೇ ಕೇಸು ಬೀಳುವುದಾದರೆ ಯಾವ ಮಗಳು ಬಾಯಿ ಬಿಟ್ಟಾಳು? ದುಡಿಮೆ ಹುಡುಕಿ ಪುಣೆ, ಮುಂಬಯಿ ಸೇರಿದವಳ ಮನೆಗಂತೂ ಕೀಲಿ ಬಿದ್ದಿರುತ್ತದೆ.

ಆರೋಗ್ಯ ಸಮೀಕ್ಷೆಯ ಕಷ್ಟವೂ ಇದೇ. ಹಗಲು ಹನ್ನೊಂದಕ್ಕೆ ಬಾಗಿಲು ಬಡಿದರೆ ಕೂಲಿಯವರು ಹೊಲದಲ್ಲಿರುತ್ತಾರೆ. ಕಬ್ಬು ಕಡಿಯುವ ಸುಗ್ಗಿಯಲ್ಲಿ ಹೋದರೆ ಸಂಸಾರಕ್ಕೆ ಸಂಸಾರವೇ ಊರಲ್ಲಿರುವುದಿಲ್ಲ. ಫಾರಂ ತುಂಬುತ್ತದೆ, ಆದರೆ ತುಂಬುವುದು ಮನೆಯಲ್ಲಿ ಉಳಿಯಬಲ್ಲವರ ಕಾಯಿಲೆಗಳಿಂದ. ಆಸ್ಪತ್ರೆಯ ಔಷಧ, ಸಿಬ್ಬಂದಿ ಎಲ್ಲ ಮುಂದೆ ಆ ಫಾರಂ ನೋಡಿಯೇ ಬರುತ್ತವೆ.

ದಾರಿ ಇಲ್ಲವೆಂದಲ್ಲ. 2000ದ ದಶಕದಲ್ಲಿ ಏಡ್ಸ್ ತಡೆಯ ಕೆಲಸಕ್ಕಾಗಿ ಕರ್ನಾಟಕದಲ್ಲಿ ಮತಗಟ್ಟೆಯ ಮಾದರಿಯೊಂದನ್ನು ಬಳಸಿದರು. ಒಂದು ಗುಂಪನ್ನು ಕೂಡಿಸಿ, ಒಬ್ಬೊಬ್ಬರನ್ನು ಒಂದೊಂದು ಮರೆಯ ಹಿಂದೆ ಕೂರಿಸುವುದು. ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು. ಕೈಯಲ್ಲಿರುವ ಚೀಟಿಯನ್ನು ಹೌದಾದರೆ ಹಸಿರು ಡಬ್ಬಿಗೆ, ಇಲ್ಲವಾದರೆ ಕೆಂಪಿಗೆ ಹಾಕುವುದು. ಹೆಸರಿಲ್ಲ, ಸಹಿಯಿಲ್ಲ. ಯಾರು ಏನೆಂದರೆಂದು ಕೇಳಿದವರಿಗೂ ಗೊತ್ತಾಗದು. ಎದುರು ಕೂತು ಕೇಳಿದಾಗ ಹೊರಬರದ ಎಷ್ಟೋ ಸಂಗತಿಗಳು ಹೀಗೆ ಹೊರಬಂದವು.

ಕೇಳುವವರು ಯಾರೆಂಬುದೂ ಮುಖ್ಯ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರೇ ಕಟ್ಟಿ ಬೆಳೆಸಿದ ಸಂಘಟನೆ. ತಮ್ಮಂತೆಯೇ ಬದುಕಿದವಳು ಹೊಸ್ತಿಲ ಬಳಿ ಕೂತು ಕೇಳಿದರೆ ಮಾತಿಗೆ ಅಂಜಿಕೆ ಕಡಿಮೆ.

ಹಾಗೆಂದು ದೊಡ್ಡ ಖರ್ಚೇನೂ ಬೇಕಿಲ್ಲ. ಮುನವಳ್ಳಿಯಂಥ ಊರಿನಲ್ಲಿ ಸಮೀಕ್ಷೆಯವರು ಸಂಜೆ ದೀಪ ಹಚ್ಚಿದ ಮೇಲೆ ಓಣಿಗೆ ಬರಲಿ. ಆ ಓಣಿಯವಳನ್ನೇ ಜೊತೆಗೆ ಕರೆದುಕೊಳ್ಳಲಿ. ಕೀಲಿ ಹಾಕಿದ ಮನೆಯ ಮುಂದೆ ಗೀಟು ಎಳೆದು ಮುಂದೆ ಹೋಗುವ ಬದಲು, ಆ ಮನೆಯವರು ಊರಿಗೆ ಮರಳುವುದು ಯಾವಾಗ ಎಂದು ನೆರೆಮನೆಯಲ್ಲಿ ಕೇಳಿ ಬರೆದುಕೊಳ್ಳಲಿ. ಬಂದ ದಿನ ಮತ್ತೊಮ್ಮೆ ಬಾಗಿಲು ತಟ್ಟಲಿ.