ಆಗಸ್ಟ್‌ನಲ್ಲಿ ಮಿಂಚಿದವನು ಸೆಪ್ಟೆಂಬರ್‌ನಲ್ಲಿ ಉಳಿಯುತ್ತಾನೆಯೇ?

ಆಗಸ್ಟ್ ಬಂತೆಂದರೆ ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ನಮ್ಮ ಕಚೇರಿಯ ಮಾತುಕತೆಯ ದಿಕ್ಕೇ ಬದಲಾಗುತ್ತದೆ. ನಾವು ಕೆಲಸ ಮಾಡುವುದು ಅಮೆರಿಕದ ತಂಡಗಳ ಜೊತೆ. ಸಂಜೆಯ ಕಾಲ್‌ಗಳಲ್ಲಿ ಮೊದಲ ಐದು ನಿಮಿಷ ಅವರ ಫುಟ್‌ಬಾಲ್‌ಗೆ ಮೀಸಲು. ನಮ್ಮ ಕಾಲಿನ ಚೆಂಡಾಟವಲ್ಲ, ಹೆಲ್ಮೆಟ್ ತೊಟ್ಟು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ದಾವಣಗೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದ ನನಗೆ ಇದು ಮೊದಲು ಬರೀ ತಳ್ಳಾಟದಂತೆ ಕಾಣುತ್ತಿತ್ತು. ಸಹೋದ್ಯೋಗಿಗಳ ಫ್ಯಾಂಟಸಿ ಲೀಗ್‌ಗೆ ಸೇರಿ ಈಗ ಆರು ವರ್ಷ. ಡೇಟಾ ಅನಾಲಿಟಿಕ್ಸ್ ನನ್ನ ಹೊಟ್ಟೆಪಾಡು. ಹಾಗಾಗಿ ಪ್ರತಿ ಆಗಸ್ಟ್‌ನಲ್ಲಿ ಒಂದು ಪ್ರಶ್ನೆ ನನ್ನ ಕಡೆಗೇ ಬರುತ್ತದೆ: 'ಈ ಹುಡುಗ ಪ್ರಿ-ಸೀಸನ್‌ನಲ್ಲಿ ಚೆನ್ನಾಗಿ ಆಡಿದನಲ್ಲ, ಇವನನ್ನು ತಗೊಳ್ಳೋಣವೇ?'

ಪ್ರಶ್ನೆ ಆಟದ್ದೇ ಆದರೂ ಅದರೊಳಗಿರುವುದು ನಮಗೆಲ್ಲ ಎದುರಾಗುವ ಸಮಸ್ಯೆ. ನಾಲ್ಕು ದಿನದ ಪರೀಕ್ಷೆ ನೋಡಿ ಇಡೀ ವರ್ಷದ ಭವಿಷ್ಯ ಹೇಳುವುದು ಹೇಗೆ?

ಆಟ ಗೊತ್ತಿಲ್ಲದವರಿಗೆ

ಒಂದು ತಂಡದಲ್ಲಿ ಹನ್ನೊಂದು ಜನ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡಿ ಅದನ್ನು ಹಿಡಿಯುವವನು ರಿಸೀವರ್. ಆ ದಾರಿಗೆ 'ರೂಟ್' ಎಂದು ಹೆಸರು. ರಿಸೀವರ್‌ನ ಬೆನ್ನಿಗಂಟಿಕೊಂಡು ಕಾಡುವ ಎದುರಾಳಿ ಕಾರ್ನರ್‌ಬ್ಯಾಕ್. ಹಿಡಿದ ಚೆಂಡುಗಳೆಷ್ಟು, ಗಳಿಸಿದ ಯಾರ್ಡ್‌ಗಳೆಷ್ಟು, ಟಚ್‌ಡೌನ್‌ಗಳೆಷ್ಟು ಎಂಬ ಮೂರು ಲೆಕ್ಕಗಳ ಮೇಲೆ ರಿಸೀವರ್‌ನ ಬದುಕು ನಡೆಯುತ್ತದೆ.

ರಾಷ್ಟ್ರೀಯ ಫುಟ್‌ಬಾಲ್ ಲೀಗ್, ಅಂದರೆ ಎನ್ಎಫ್ಎಲ್‌ನ ಅಸಲಿ ಋತು ಸೆಪ್ಟೆಂಬರ್‌ನಲ್ಲಿ ಶುರು. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ಅಂಕಪಟ್ಟಿಗೆ ಸೇರದ ಅಭ್ಯಾಸ ಪಂದ್ಯಗಳಿರುತ್ತವೆ. ಇವೇ ಪ್ರಿ-ಸೀಸನ್. ಹಿಂದೆ ಪ್ರತಿ ತಂಡಕ್ಕೂ ನಾಲ್ಕು ಪಂದ್ಯಗಳಿದ್ದವು. 2021ರಲ್ಲಿ ಅಸಲಿ ಋತುವನ್ನು 17 ಪಂದ್ಯಗಳಿಗೆ ಹಿಗ್ಗಿಸಿದಾಗ ಇವನ್ನು ಮೂರಕ್ಕೆ ಇಳಿಸಿದರು. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ. ಹಾಲಿನವನು ಬರುವ ಮುಂಚೆಯೇ ಮೊದಲ ಕ್ವಾರ್ಟರ್ ಮುಗಿದಿರುತ್ತದೆ.

ಮೂರು ಟಚ್‌ಡೌನ್‌ಗಳ ರಾತ್ರಿ

ಪ್ರಿ-ಸೀಸನ್ ನಂಬಬೇಕೋ ಬೇಡವೋ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ವಿಕ್ಟರ್ ಕ್ರೂಜ್ ಅವರ ಕಥೆ. ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನವರು. 2010ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲಿಲ್ಲ. ಕೊನೆಗೆ ನ್ಯೂಯಾರ್ಕ್ ಜೈಂಟ್ಸ್ ಶಿಬಿರದಲ್ಲಿ ಒಂದು ಅವಕಾಶ ಸಿಕ್ಕಿತು. ಆಗಸ್ಟ್ 16ರಂದು ಜೆಟ್ಸ್ ವಿರುದ್ಧದ ಪ್ರಿ-ಸೀಸನ್ ಪಂದ್ಯದಲ್ಲಿ ಆರು ಕ್ಯಾಚ್, 145 ಯಾರ್ಡ್, ಮೂರು ಟಚ್‌ಡೌನ್! ಒಂದೇ ರಾತ್ರಿಯಲ್ಲಿ ನ್ಯೂಯಾರ್ಕ್‌ನ ಅಭಿಮಾನಿಗಳ ಬಾಯಲ್ಲೆಲ್ಲ ಅವರದೇ ಹೆಸರು.

ಆ ವರ್ಷ ಅಸಲಿ ಋತುವಿನಲ್ಲಿ ಕ್ರೂಜ್ ಹಿಡಿದ ಚೆಂಡುಗಳೆಷ್ಟು ಗೊತ್ತೇ? ಸೊನ್ನೆ. ಮೂರು ಪಂದ್ಯಗಳಲ್ಲಿ ಕಾಣಿಸಿಕೊಂಡರು, ತೊಡೆಯ ಸ್ನಾಯುವಿಗೆ ಪೆಟ್ಟಾಯಿತು, ಗಾಯಾಳುಗಳ ಪಟ್ಟಿ ಸೇರಿದರು. ಆಗಸ್ಟ್‌ನ ಆ ಒಂದು ರಾತ್ರಿಯ ಲೆಕ್ಕವನ್ನು ಅಂದಿನ 16 ಪಂದ್ಯಗಳ ಋತುವಿಗೆ ಗುಣಿಸಿದ್ದರೆ 2,320 ಯಾರ್ಡ್ ಬರಬೇಕಿತ್ತು. ಆ ಗುಣಾಕಾರ ಎಷ್ಟು ಅರ್ಥವಿಲ್ಲದ್ದು ಎಂದು ತಿಳಿಯಲು, 2012ರಲ್ಲಿ ಕ್ಯಾಲ್ವಿನ್ ಜಾನ್ಸನ್ ಬರೆದ ಋತುವಿನ ದಾಖಲೆಯೇ 1,964 ಯಾರ್ಡ್ ಎಂಬುದನ್ನು ನೆನೆದರೆ ಸಾಕು.

'ನೋಡಿ, ಪ್ರಿ-ಸೀಸನ್ ಸುಳ್ಳು' ಎಂದು ಇಲ್ಲಿಗೇ ಕಥೆ ಮುಗಿಸುವವರೇ ಹೆಚ್ಚು. ಆದರೆ ಮುಂದಿನ ವರ್ಷ ಏನಾಯಿತು? 2011ರಲ್ಲಿ ಸ್ಟೀವ್ ಸ್ಮಿತ್ ಎಂಬ ರಿಸೀವರ್ ಜೈಂಟ್ಸ್ ಬಿಟ್ಟು ಫಿಲಡೆಲ್ಫಿಯಾ ಈಗಲ್ಸ್ ಸೇರಿದರು. ಡಾಮೆನಿಕ್ ಹಿಕ್ಸನ್ ಎರಡನೇ ವಾರದಲ್ಲಿ ಮೊಣಕಾಲು ಮುರಿದುಕೊಂಡರು. ಜಾಗ ಖಾಲಿಯಾಯಿತು. ಮೂರನೇ ವಾರ ಅದೇ ಈಗಲ್ಸ್ ವಿರುದ್ಧ ಕ್ರೂಜ್ 110 ಯಾರ್ಡ್, ಎರಡು ಟಚ್‌ಡೌನ್ ಗಳಿಸಿದರು. ಋತು ಮುಗಿದಾಗ 82 ಕ್ಯಾಚ್, 1,536 ಯಾರ್ಡ್, ಒಂಬತ್ತು ಟಚ್‌ಡೌನ್. ಡಿಸೆಂಬರ್ 24ರಂದು 99 ಯಾರ್ಡ್‌ಗಳ ಟಚ್‌ಡೌನ್ ಹೊಡೆದದ್ದು ಅದೇ ಕ್ರೀಡಾಂಗಣದಲ್ಲಿ, ಅದೇ ಜೆಟ್ಸ್ ವಿರುದ್ಧ. ಆ ಋತುವಿನ ಸೂಪರ್ ಬೌಲ್ ಕೂಡ ಜೈಂಟ್ಸ್ ಪಾಲಾಯಿತು.

ಅಂದರೆ ಆಗಸ್ಟ್‌ನ ಆ ರಾತ್ರಿ ಸುಳ್ಳು ಹೇಳಿರಲಿಲ್ಲ. 'ಇವನಿಗೆ ಆಡಲು ಬರುತ್ತದೆ' ಎಂದಷ್ಟೇ ಹೇಳಿತ್ತು. 'ಇವನಿಗೆ ಆಡಲು ಸಿಗುತ್ತದೆ' ಎಂದು ಹೇಳಿರಲಿಲ್ಲ. ನಾವು ಮೊದಲನೆಯದನ್ನು ಕೇಳಿಸಿಕೊಂಡು ಎರಡನೆಯದನ್ನೂ ಸೇರಿಸಿ ಓದುತ್ತೇವೆ. ಸಾಮರ್ಥ್ಯ ಆಟಗಾರನದು. ಅವಕಾಶ ತಂಡದ್ದು, ಉಳಿದವರ ಮೊಣಕಾಲಿನದು, ಅದೃಷ್ಟದ್ದು.

ಕೈಚೆಲ್ಲಿದ ಮೂರು ಚೆಂಡು

ಇದಕ್ಕೆ ತದ್ವಿರುದ್ಧವಾದದ್ದು ಜಮಾರ್ ಚೇಸ್ ಅವರದು. 2021ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಅವರನ್ನು ಇಡೀ ಡ್ರಾಫ್ಟ್‌ನಲ್ಲಿ ಐದನೆಯವರಾಗಿ ಆರಿಸಿತು. ಕೋವಿಡ್ ಕಾರಣಕ್ಕೆ 2020ರ ಕಾಲೇಜು ಋತುವನ್ನು ಅವರು ಆಡಿರಲಿಲ್ಲ. ಪ್ರಿ-ಸೀಸನ್‌ನಲ್ಲಿ ವಾಷಿಂಗ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಚೆಂಡು ಕೈಚೆಲ್ಲಿದರು. ಕಾಲೇಜು ಚೆಂಡಿನ ಮೇಲೆ ಬಿಳಿ ಪಟ್ಟಿ ಇರುತ್ತದೆ, ಇಲ್ಲಿನದಕ್ಕೆ ಇಲ್ಲ, ಹಾಗಾಗಿ ಬರುವುದನ್ನು ಗುರುತಿಸುವುದು ಕಷ್ಟ ಎಂದು ಅವರು ವಿವರಿಸಿದ್ದೇ ತಡ, ಎಲ್ಲೆಡೆ ನಗೆ. 'ಕುಣಿಯಲಾರದವಳು ನೆಲ ಡೊಂಕು ಅಂದಳು' ಎಂಬ ನಮ್ಮ ಗಾದೆ ಅಮೆರಿಕದವರಿಗೆ ಗೊತ್ತಿದ್ದರೆ ಅಂದು ಖಂಡಿತ ಬಳಸುತ್ತಿದ್ದರು.

ಆದರೆ ಆ ಹೊತ್ತಿಗೆ ಕೈಯಲ್ಲಿದ್ದ ಪುರಾವೆಯನ್ನು ತಕ್ಕಡಿಗೆ ಹಾಕಿ ನೋಡಿ. ಒಂದು ಕಡೆ ಮೂರು ಚೆಂಡು. ಇನ್ನೊಂದು ಕಡೆ 2019ರ ಪೂರ್ತಿ ಕಾಲೇಜು ಋತು: 84 ಕ್ಯಾಚ್, 1,780 ಯಾರ್ಡ್, 20 ಟಚ್‌ಡೌನ್. ಆ ಲೂಸಿಯಾನಾ ಸ್ಟೇಟ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಬರ್ರೋ. ಬೆಂಗಾಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಬರ್ರೋ. ಹಿಂದಿನ ವರ್ಷದ ಮೊಣಕಾಲಿನ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ಬರ್ರೋ ವಾಷಿಂಗ್ಟನ್ ಪಂದ್ಯದಲ್ಲಿ ಆಡಿರಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಎಸೆಯಬೇಕಾದ ಕೈ ಅಂದು ಎಸೆದಿರಲಿಲ್ಲ.

ಅಸಲಿ ಋತುವಿನ ಮೊದಲ ಪಂದ್ಯದಲ್ಲೇ ಚೇಸ್ 101 ಯಾರ್ಡ್ ಗಳಿಸಿದರು. ವರ್ಷದ ಕೊನೆಗೆ 81 ಕ್ಯಾಚ್, 1,455 ಯಾರ್ಡ್, 13 ಟಚ್‌ಡೌನ್. ಆಕ್ರಮಣ ವಿಭಾಗದ ವರ್ಷದ ಶ್ರೇಷ್ಠ ಹೊಸ ಆಟಗಾರ ಎಂಬ ಪ್ರಶಸ್ತಿಯೂ ಬಂತು. ನಕ್ಕವರು ಸುಮ್ಮನಾದರು. ಸಿನ್ಸಿನಾಟಿಯವರೇ ಆದ ನಮ್ಮ ಸಹೋದ್ಯೋಗಿಯೊಬ್ಬರು ಇಂದಿಗೂ ಕಾಲ್‌ನಲ್ಲಿ ಆ ಬಿಳಿ ಪಟ್ಟಿಯ ಮಾತೆತ್ತಿ ಖುಷಿಪಡುತ್ತಾರೆ.

ನಾನು ನೋಡುವ ನಾಲ್ಕು ಸಂಗತಿ

ಮೊದಲನೆಯದು, ಎಸೆದವರು ಯಾರು? 2010ರ ಆ ರಾತ್ರಿ ಜೈಂಟ್ಸ್‌ನ ಎಲೈ ಮ್ಯಾನಿಂಗ್ ತಲೆಗೆ ಪೆಟ್ಟಾಗಿ ಬೇಗನೆ ಹೊರನಡೆದಿದ್ದರು. ಕ್ರೂಜ್‌ಗೆ ಚೆಂಡು ಬಂದದ್ದು ಮೀಸಲು ಕ್ವಾರ್ಟರ್‌ಬ್ಯಾಕ್‌ಗಳಿಂದ. ಮುಖ್ಯ ಕ್ವಾರ್ಟರ್‌ಬ್ಯಾಕ್ ಆಡುವ ಹತ್ತು ನಿಮಿಷದಲ್ಲಿ ಯಾರು ಮೈದಾನದಲ್ಲಿದ್ದರು ಎಂಬುದು ನನಗೆ ಒಟ್ಟು ಯಾರ್ಡ್‌ಗಿಂತ ದೊಡ್ಡ ಸುದ್ದಿ. ಆ ಹತ್ತು ನಿಮಿಷದಲ್ಲಿ ಒಂದು ಚೆಂಡೂ ಹಿಡಿಯದೆ ಎಲ್ಲ ರೂಟ್‌ಗಳನ್ನೂ ಓಡಿದವನು, ಕೊನೆಯ ಕ್ವಾರ್ಟರ್‌ನಲ್ಲಿ ಎರಡು ಟಚ್‌ಡೌನ್ ಹೊಡೆದವನಿಗಿಂತ ಕೆಲಸಕ್ಕೆ ಹತ್ತಿರವಿದ್ದಾನೆ.

ಎರಡನೆಯದು, ಎದುರಿಗಿದ್ದವರು ಯಾರು? ಪ್ರಿ-ಸೀಸನ್‌ನ ದ್ವಿತೀಯಾರ್ಧದಲ್ಲಿ ಆಡುವ ಕಾರ್ನರ್‌ಬ್ಯಾಕ್‌ಗಳಲ್ಲಿ ಅನೇಕರು ಮುಂದಿನ ವಾರ ಮನೆಗೆ ಹೋಗುವವರು. ಮೇಲಾಗಿ ಯಾವ ತರಬೇತುದಾರನೂ ತನ್ನ ಗುಟ್ಟಿನ ವ್ಯೂಹಗಳನ್ನು ಆಗಸ್ಟ್‌ನಲ್ಲಿ ಬಿಚ್ಚಿಡುವುದಿಲ್ಲ. ರಕ್ಷಣೆ ಸಪ್ಪೆಯಾಗಿರುತ್ತದೆ. ಸಪ್ಪೆ ರಕ್ಷಣೆಯ ಎದುರು ಗಳಿಸಿದ ಯಾರ್ಡ್‌ಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ.

ಮೂರನೆಯದು, ಬೇರೆ ಯಾವ ಕೆಲಸ ಬರುತ್ತದೆ? ತಂಡದ ಐದನೇ ರಿಸೀವರ್ ಉಳಿಯುವುದು ಬರೀ ಕ್ಯಾಚ್‌ನಿಂದಲ್ಲ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೂಲಿಯನ್ ಎಡೆಲ್‌ಮನ್ ಅವರನ್ನು 2009ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಏಳನೇ, ಅಂದರೆ ಕೊನೆಯ ಸುತ್ತಿನಲ್ಲಿ ಆರಿಸಿತ್ತು. ಆ ವರ್ಷದ ಪ್ರಿ-ಸೀಸನ್‌ನಲ್ಲಿ ಅವರು ಗಮನ ಸೆಳೆದದ್ದು ಎದುರಾಳಿ ಒದ್ದ ಚೆಂಡನ್ನು ಹಿಡಿದು 75 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ್ದರಿಂದ. ಹಾಗೆ ಉಳಿದುಕೊಂಡವರು ನಿಧಾನವಾಗಿ ರಿಸೀವರ್ ಆಗಿ ಪಳಗಿ, ಹತ್ತನೇ ವರ್ಷ ಸೂಪರ್ ಬೌಲ್‌ನ ಪಂದ್ಯಶ್ರೇಷ್ಠರಾದರು.

ನಾಲ್ಕನೆಯದು, ಆಡದವನನ್ನು ಮರೆಯಬಾರದು. 2015ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಪ್ರಿ-ಸೀಸನ್ ಪಂದ್ಯದಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ನ ಜೋರ್ಡಿ ನೆಲ್ಸನ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಇಡೀ ಋತು ಕಳೆದುಕೊಂಡರು. ಅಂಕವೇ ಇಲ್ಲದ ಪಂದ್ಯಕ್ಕೆ ತೆತ್ತ ಬೆಲೆ ಅದು. ಇಂಥವನ್ನು ನೋಡಿಯೇ ಹಲವು ತಂಡಗಳು ತಾರೆಯರನ್ನು ಆಗಸ್ಟ್‌ನಲ್ಲಿ ಬೆಂಚಿನ ಮೇಲೆ ಕೂರಿಸುತ್ತವೆ. ಪ್ರಿ-ಸೀಸನ್ ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಹಲವು ಸಲ ಜಾಗ ಭದ್ರವಾಗಿದೆ ಎಂಬುದರ ಗುರುತು. ನೆಲ್ಸನ್ 2016ರಲ್ಲಿ ಮರಳಿ ಬಂದು 14 ಟಚ್‌ಡೌನ್ ಕ್ಯಾಚ್‌ಗಳೊಂದಿಗೆ ಲೀಗ್‌ಗೇ ಮೊದಲಿಗರಾದರು.

ನಮ್ಮ ಟ್ರೈನಿಗಳ ಆಗಸ್ಟ್

ಈ ಲೆಕ್ಕಾಚಾರ ನನಗೆ ಫ್ಯಾಂಟಸಿ ಲೀಗ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕಚೇರಿಯಲ್ಲೇ. ಪ್ರತಿ ಜುಲೈನಲ್ಲಿ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಬರುತ್ತಾರೆ. ರಾಯಚೂರು, ಬೀದರ್, ಕಲಬುರಗಿ ಕಡೆಯವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರವಲ್ಲವೇ, ಅವರಲ್ಲಿ ಕನ್ನಡದ ಮಕ್ಕಳೂ ಇರುತ್ತಾರೆ. ಆರು ವಾರ ತರಬೇತಿ, ಕೊನೆಗೊಂದು ಡೆಮೊ. ಯಾರನ್ನು ಯಾವ ಪ್ರಾಜೆಕ್ಟ್‌ಗೆ ಹಾಕಬೇಕು, ಯಾರ ತರಬೇತಿ ಮುಂದುವರಿಸಬೇಕು ಎಂದು ಹೇಳುವ ಮೂವರಲ್ಲಿ ನಾನೂ ಒಬ್ಬ.

ಡೆಮೊಗೆ ನಾವು ಕೊಡುವುದು ತೊಳೆದು ಒರೆಸಿಟ್ಟ ಡೇಟಾ. ಅದು ನಮ್ಮ ಸಪ್ಪೆ ರಕ್ಷಣೆ. ಅಲ್ಲಿ ಇಂಗ್ಲಿಷ್ ಸರಾಗವಾಗಿ ಬರುವವರು ಮಿಂಚುತ್ತಾರೆ. ಕಳೆದ ವರ್ಷ ರಾಯಚೂರು ಕಡೆಯ ಒಬ್ಬ ಹುಡುಗಿ ಡೆಮೊದಲ್ಲಿ ತಡವರಿಸಿದಳು. ಅಂಕ ಕಡಿಮೆ ಬಂತು. ಆದರೆ ತರಬೇತಿಯ ನಾಲ್ಕನೇ ವಾರ, ಕ್ಲೈಂಟ್‌ನಿಂದ ಬಂದ ನಿಜವಾದ ಕಡತದಲ್ಲಿ ಒಂದೇ ಗ್ರಾಹಕ ಎರಡು ಸಲ ಲೆಕ್ಕಕ್ಕೆ ಬರುತ್ತಿದ್ದಾನೆ ಎಂದು ಗುರುತಿಸಿದ್ದು ಅವಳೊಬ್ಬಳೇ. 'ಸರ್, ಈ ಮೊತ್ತ ಹೊಂದ್ತಿಲ್ರೀ' ಎಂದು ಮೆಲ್ಲಗೆ ಬಂದು ಹೇಳಿದ್ದಳು. ನಾನು ಆ ಕಡತವನ್ನು ಉಳಿದಿಬ್ಬರ ಮುಂದಿಟ್ಟೆ. ಅವಳಿಗೆ ಪ್ರಾಜೆಕ್ಟ್ ಸಿಕ್ಕಿತು. ಈಗ ಆ ಕ್ಲೈಂಟ್‌ನ ತಿಂಗಳ ವರದಿ ಅವಳ ಕೈಯಿಂದಲೇ ಹೋಗುತ್ತದೆ. ಅಂದಿನಿಂದ ನಮ್ಮ ಅಂಕಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಾಗಿದೆ: ಯಾವ ಡೇಟಾ, ಯಾರ ನೆರವು, ಎಷ್ಟು ಸಮಯ.

ಒಂದೇ ದಿನದಲ್ಲಿ 1,184 ಜನ

ಫ್ಯಾಂಟಸಿ ಲೀಗ್‌ನಲ್ಲಿ ಲೆಕ್ಕ ತಪ್ಪಿದರೆ ನಮಗೆ ಹೋಗುವುದು ಒಂದು ಪಾರ್ಟಿಯ ಬಿಲ್. ಅಲ್ಲಿ ಆಡುವವರಿಗೆ ಹಾಗಲ್ಲ. ಶಿಬಿರದಲ್ಲಿ ಪ್ರತಿ ತಂಡಕ್ಕೆ 90 ಆಟಗಾರರು. ಆಗಸ್ಟ್ ಕೊನೆಗೆ ಉಳಿಯಬೇಕಾದವರು 53. ಒಂದು ತಂಡದಿಂದ 37 ಜನ ಹೊರಗೆ. ಮೂವತ್ತೆರಡು ತಂಡಗಳ ಲೆಕ್ಕ ಹಾಕಿದರೆ 1,184 ಜನ. ಇವರಲ್ಲಿ ಕೆಲವರನ್ನು 'ಪ್ರಾಕ್ಟೀಸ್ ಸ್ಕ್ವಾಡ್' ಎಂಬ ಅಭ್ಯಾಸ ಪಡೆಗೆ ಕಡಿಮೆ ಸಂಬಳಕ್ಕೆ ಮರಳಿ ಕರೆಯುತ್ತಾರೆ. ಉಳಿದವರು ಫೋನ್ ಬರುವುದನ್ನು ಕಾಯುತ್ತ ಮನೆ ಸೇರುತ್ತಾರೆ.

ಆದ್ದರಿಂದ ಯಾರಾದರೂ ಕೇಳಿದರೆ ನನ್ನ ಸಲಹೆ ಇಷ್ಟೇ. ಪಟ್ಟಿ ಮಾಡುವಾಗ ಹಿಂದಿನ ಋತುಗಳ ಆಟಕ್ಕೆ, ಮುಖ್ಯ ಕ್ವಾರ್ಟರ್‌ಬ್ಯಾಕ್ ಜೊತೆಗಿನ ಒಡನಾಟಕ್ಕೆ, ತಂಡದಲ್ಲಿ ಖಾಲಿ ಇರುವ ಜಾಗಕ್ಕೆ ಹೆಚ್ಚು ತೂಕ ಕೊಡಿ. ಪ್ರಿ-ಸೀಸನ್ ಅಂಕಿಗಳಿಗೆ ಊಟದಲ್ಲಿ ಉಪ್ಪಿನಕಾಯಿಯಷ್ಟು ಜಾಗ ಸಾಕು. ಆದರೆ ಆ ಪಂದ್ಯಗಳನ್ನು ನೋಡುವುದನ್ನು ಮಾತ್ರ ಬಿಡಬೇಡಿ. ಮೂರನೇ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ, ಅರ್ಧ ಜನ ಎದ್ದುಹೋದ ಕ್ರೀಡಾಂಗಣದಲ್ಲಿ, ತಾರೆಯರೆಲ್ಲ ಟೋಪಿ ಹಾಕಿಕೊಂಡು ಬದಿಯಲ್ಲಿ ನಿಂತಿರುವಾಗ, ಹೆಸರೇ ಕೇಳಿರದ ರಿಸೀವರ್ ಒಬ್ಬ ಒಂದು ಚೆಂಡಿಗಾಗಿ ಪೂರ್ತಿ ಮೈಚಾಚಿ ಹಾರುತ್ತಿರುತ್ತಾನೆ. ನಮ್ಮ ಪಟ್ಟಿಗೆ ಅದು ಬೇಡದ ಅಂಕಿ. ಅವನ ಪಾಲಿಗೆ ಅದೇ ಇಡೀ ಋತು.