ಎಂಡೋಸ್ಕೋಪಿ ಮಾಡಿಸಿಕೊಂಡು ಮನೆಗೆ ಬಂದ ಮೇಲೆ

ಹುಳಿತೇಗು, ಹೊಟ್ಟೆನೋವು, ಮಲದಲ್ಲಿ ರಕ್ತ ಎಂದು ಮಂಗಳೂರು, ಮಣಿಪಾಲ, ಶಿವಮೊಗ್ಗಗಳಿಗೆ ಹೋಗಿ ಕೊಳವೆ ಪರೀಕ್ಷೆ ಮಾಡಿಸಿಕೊಂಡು ಬರುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಬಾಯಿಯ ಮೂಲಕ ಅನ್ನನಾಳ, ಜಠರಗಳನ್ನು ನೋಡುವುದು ಎಂಡೋಸ್ಕೋಪಿ. ಗುದದ್ವಾರದ ಮೂಲಕ ದೊಡ್ಡ ಕರುಳನ್ನು ನೋಡುವುದು ಕೊಲೊನೊಸ್ಕೋಪಿ. ಪರೀಕ್ಷೆ ಬೇಗ ಮುಗಿಯುತ್ತದೆ. ಆದರೆ ಅನಂತರ ಯಾವುದು ಸಹಜ, ಯಾವುದು ಅಪಾಯ ಎಂಬುದು ಆಸ್ಪತ್ರೆಯಿಂದ ದೂರದ ತೋಟಗಳಲ್ಲಿರುವ ನಮಗೆ ಮೊದಲೇ ತಿಳಿದಿರತಕ್ಕದ್ದು.

ನಿದ್ರೆಯ ಇಂಜೆಕ್ಷನ್ ಕೊಟ್ಟಿದ್ದರೆ 24 ಗಂಟೆ ಜೀಪು, ಬೈಕು ಓಡಿಸಕೂಡದು. ಕಳೆ ಕತ್ತರಿಸುವ ಯಂತ್ರ ಮುಟ್ಟಕೂಡದು, ಏಣಿ ಹತ್ತಕೂಡದು, ಮದ್ಯ ಸೇವಿಸಕೂಡದು, ಸಾಲಪತ್ರಗಳಿಗೆ ಸಹಿ ಮಾಡಕೂಡದು. ಕಳೆದ ವರ್ಷ ನಾವು ಪರೀಕ್ಷೆ ಮುಗಿಸಿ ಬಂದ ಸಂಜೆಯೇ, ಚೆನ್ನಾಗಿದ್ದೇವೆಂದು ತಿಳಿದು, ಸಂಘದ ಕಚೇರಿಗೆ ಹೋಗಿ ಎರಡು ವೋಚರುಗಳಿಗೆ ಸಹಿ ಹಾಕಿದೆವು. ಮರುದಿನ ಗುಮಾಸ್ತರು ತೋರಿಸಿದಾಗ ಸಹಿ ನಮ್ಮದೇ, ನೆನಪು ಮಾತ್ರ ಇಲ್ಲ! ಲೆಕ್ಕ ಸರಿಯಾಗಿದ್ದುದು ಅದೃಷ್ಟ. ಆದಕಾರಣ ಜೊತೆಗೊಬ್ಬರನ್ನು ಕರೆದೊಯ್ಯಿರಿ. ವೈದ್ಯರು ಹೇಳಿದ್ದನ್ನು ನೆನಪಿಡಲೂ ಅವರೇ ಬೇಕು.

ಎಂಡೋಸ್ಕೋಪಿಗೆ ಮುನ್ನ ಗಂಟಲಿಗೆ ಮರವು ಬರಿಸುವ ಔಷಧ ಸಿಂಪಡಿಸುತ್ತಾರೆ. ಮರವು ಪೂರ್ತಿ ಬಿಡುವವರೆಗೆ, ಸುಮಾರು ಒಂದು ಗಂಟೆ, ಏನನ್ನೂ ನುಂಗಬಾರದು. ನುಂಗಿದ್ದು ಶ್ವಾಸನಾಳಕ್ಕೆ ಹೋದೀತು. ಮೊದಲು ಒಂದು ಗುಟುಕು ತಣ್ಣೀರು, ಅದು ಸಲೀಸಾಗಿ ಇಳಿದರೆ ಗಂಜಿ. ನಾವೇ ಬೆಳೆದದ್ದಾದರೂ ಬಿಸಿ ಕಾಫಿಗೆ ಅವಸರ ಬೇಡ. ಎಲೆ ಅಡಿಕೆಯನ್ನೂ ಅಂದು ಬಿಡಿ. ಕೆಂಪು ಉಗುಳಿನಲ್ಲಿ ರಕ್ತವಿದ್ದರೆ ಗೊತ್ತಾಗುವುದಿಲ್ಲ. ಒಂದೆರಡು ದಿನ ಗಂಟಲು ಕೆರೆತ ಸಹಜ.

ಕೊಲೊನೊಸ್ಕೋಪಿಯಲ್ಲಿ ಕರುಳಿಗೆ ಗಾಳಿ ತುಂಬುವುದರಿಂದ ಹೊಟ್ಟೆ ಉಬ್ಬರಿಸಿ ಹಿಡಿದಂತಾಗುತ್ತದೆ. ಅಂಗಳದಲ್ಲಿ ನಿಧಾನವಾಗಿ ಓಡಾಡಿ, ವಾಯು ಹೊರಹೋಗಲು ಬಿಡಿ, ಇದರಲ್ಲಿ ನಾಚಿಕೆಯಿಲ್ಲ. ಭೇದಿಯ ಔಷಧದಿಂದ ಮೈಯ ನೀರು ಹೋಗಿರುತ್ತದೆ. ವೈದ್ಯರ ಪಥ್ಯವಿಲ್ಲದವರು ಮಜ್ಜಿಗೆ, ಎಳನೀರು ಕುಡಿಯಬಹುದು. ಒಂದೆರಡು ದಿನ ಮಲವಾಗದಿದ್ದರೆ ಗಾಬರಿ ಬೇಡ. ಪರೀಕ್ಷೆಗೆಂದು ಚೂರು ತೆಗೆದಿದ್ದರೆ ಸ್ವಲ್ಪ ರಕ್ತ ಕಾಣಬಹುದು.

ಆದರೆ ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತಿದ್ದರೆ, ಜ್ವರ, ಎದೆನೋವು, ಉಸಿರಾಟದ ತೊಂದರೆ, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ನಿಲ್ಲದ ರಕ್ತ, ಇವುಗಳಲ್ಲಿ ಒಂದು ಕಂಡರೂ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯಬಾರದು. ಕೂಡಲೇ 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ. ಪಾಲಿಪ್ ಎಂಬ ಸಣ್ಣ ಗಂಟನ್ನು ತೆಗೆದಿದ್ದರೆ ಎರಡು ವಾರದವರೆಗೂ ರಕ್ತಸ್ರಾವವಾಗುವ ಸಂಭವವುಂಟು. ಅಷ್ಟು ದಿನ ಭಾರ ಎತ್ತುವುದು, ದೂರದ ಪ್ರಯಾಣ ಇವುಗಳ ಬಗ್ಗೆ ವೈದ್ಯರನ್ನು ಕೇಳಿ ನಡೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಗಳನ್ನು ಮತ್ತೆ ಎಂದಿನಿಂದ ಆರಂಭಿಸಬೇಕೆಂಬುದನ್ನೂ ಬರೆಸಿಕೊಂಡು ಬನ್ನಿ.

ಕೊನೆಯದಾಗಿ, ಚೂರು ತೆಗೆದು ಕಳುಹಿಸಿದ್ದರ ವರದಿ ಕೆಲವು ದಿನಗಳ ಬಳಿಕ ಬರುತ್ತದೆ. ನೋವಿಲ್ಲವೆಂದೋ, ಕೊಯ್ಲಿನ ಗಡಿಬಿಡಿಯೆಂದೋ ಅದನ್ನು ತರದೆ ಬಿಡಬೇಡಿ. ಪರೀಕ್ಷೆ ಮಾಡಿಸಿದ್ದೇ ಆ ವರದಿಗಾಗಿ.