ಪ್ರೋಟೀನ್ ಮಡಚಿಕೊಳ್ಳುವ ಆ ಒಂದು ಕ್ಷಣ: ಎಐ ನೋಡದ್ದನ್ನು ಲ್ಯಾಬ್ ನೋಡಬೇಕು

2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿದಂತೆ ಏಳು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಎಷ್ಟು ಗದ್ದಲ ಎದ್ದಿತ್ತು, ನೆನಪಿದೆಯಲ್ಲ? ಬಳಗಾನೂರಿನ ಮಕ್ಕಳ ತಟ್ಟೆಗೆ ಪ್ರೋಟೀನ್ ಬೇಕು ಅಂತ ವಾದಿಸಿದವರು ನಾವು. ಈಗ ಆ ಪ್ರೋಟೀನಿನೊಳಗೇ ಒಮ್ಮೆ ಇಣುಕೋಣ.

ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಬಹುಪಾಲು ಪ್ರೋಟೀನ್‌ಗಳು ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತವೆ. ಮೊಟ್ಟೆ ಬೇಯಿಸಿದಾಗ ಆ ಮಡಿಕೆ ಬಿಚ್ಚಿ, ಸರಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ.

ಸಾಧ್ಯವಿರುವ ಆಕಾರಗಳನ್ನೆಲ್ಲ ಒಂದೊಂದಾಗಿ ಹುಡುಕುತ್ತಾ ಹೋದರೆ ವಿಶ್ವದ ವಯಸ್ಸೂ ಸಾಲದು. 1969ರಲ್ಲಿ ಸೈರಸ್ ಲೆವಿಂಥಾಲ್ ಎತ್ತಿದ ಒಗಟು ಇದು. ಆದರೆ ವಿಲಿನ್ ಎಂಬ ಪ್ರೋಟೀನಿನ 35 ಅಮೈನೋ ಆಮ್ಲಗಳ ತುಣುಕು ಕೆಲವೇ ಮೈಕ್ರೋಸೆಕೆಂಡಿನಲ್ಲಿ ಮಡಚಿಕೊಳ್ಳುತ್ತೆ. ಮೈಕ್ರೋಸೆಕೆಂಡ್ ಅಂದ್ರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ!

ಇದನ್ನು ಅಳೆಯೋದು ಹೇಗೆ? ಒಂದು ದಾರಿ ಯೂರಿಯಾ. ಹೌದು, ಸಿಂಧನೂರಿನ ಭತ್ತದ ಗದ್ದೆಗೆ ಎರಚುವ ಅದೇ ಯೂರಿಯಾ, ಶುದ್ಧ ರೂಪದಲ್ಲಿ. ಅದರಲ್ಲಿ ಪ್ರೋಟೀನ್ ಬಿಚ್ಚಿಕೊಳ್ಳುತ್ತೆ. ತಟ್ಟನೆ ನೀರು ಬೆರೆಸಿ ಯೂರಿಯಾ ತೆಳುವಾಗಿಸಿದರೆ ಮತ್ತೆ ಮಡಚಿಕೊಳ್ಳತೊಡಗುತ್ತೆ. ಅದು ಹೊಮ್ಮಿಸುವ ಬೆಳಕಿನ ಬದಲಾವಣೆಯನ್ನು ಯಂತ್ರ ದಾಖಲಿಸುತ್ತೆ. ಬೆರೆಸುವುದೇ ತಡವಾಗುವಷ್ಟು ವೇಗದ ಹಂತಗಳಿಗೆ ಇನ್ನೊಂದು ದಾರಿ: ಲೇಸರ್ ಮಿಡಿತದಿಂದ ದ್ರಾವಣವನ್ನು ಕ್ಷಣಾರ್ಧಕ್ಕಿಂತಲೂ ಬೇಗ ಬಿಸಿಮಾಡಿ, ಪ್ರೋಟೀನ್ ಹೇಗೆ ಸ್ಪಂದಿಸುತ್ತೆ ಅಂತ ನೋಡೋದು.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಜಯಂತ್ ಉದ್ಗಾಂವ್ಕರ್ ಮತ್ತು ಸಂಗಡಿಗರು 89 ಅಮೈನೋ ಆಮ್ಲಗಳ ಬಾರ್‌ಸ್ಟಾರ್ ಮೇಲೆ ವರ್ಷಗಟ್ಟಲೆ ಇಂಥ ಪ್ರಯೋಗ ಮಾಡಿದರು. ಮೊದಲ ಮಿಲಿಸೆಕೆಂಡಿನೊಳಗೇ ಸರ ಕುಗ್ಗುತ್ತೆ, ಸರಿಯಾದ ಆಕಾರ ಆಮೇಲೆ ಬರುತ್ತೆ, ಅಲ್ಲಿಗೆ ತಲುಪಲು ಹಲವು ದಾರಿಗಳಿವೆ ಎಂದು ಕಂಡುಕೊಂಡರು.

"ಆಲ್ಫಾಫೋಲ್ಡ್ ಬಂತಲ್ಲ, ಎಐ ಎಲ್ಲ ಬಿಡಿಸಿತಲ್ಲ" ಅನ್ನಬಹುದು. ಅದಕ್ಕೆ 2024ರ ನೊಬೆಲ್ ಬಂದಿದ್ದೂ ನಿಜ. ಆದರೆ ಆಲ್ಫಾಫೋಲ್ಡ್ ಹೇಳೋದು ಕೊನೆಯ ಆಕಾರ, ನಡೆದ ದಾರಿಯನ್ನಲ್ಲ. ಅಲ್ಝೈಮರ್, ಪಾರ್ಕಿನ್ಸನ್‌ನಂಥ ಕಾಯಿಲೆಗಳಲ್ಲಿ ಪ್ರೋಟೀನ್ ದಾರಿ ತಪ್ಪಿ ಗಂಟುಕಟ್ಟುತ್ತೆ. ಮೇಲಾಗಿ ಆ ಎಐ ಕಲಿತದ್ದೇ ವಿಜ್ಞಾನಿಗಳು ದಶಕಗಟ್ಟಲೆ ಪ್ರಯೋಗ ಮಾಡಿ, ಎಲ್ಲರಿಗೂ ಮುಕ್ತವಾಗಿಟ್ಟ ಮಾಹಿತಿಯಿಂದ.

ಹಾಗಾಗಿ ತಕ್ಷಣ ಲಾಭ ತೋರಿಸದ ಮೂಲವಿಜ್ಞಾನಕ್ಕೆ ಸಾರ್ವಜನಿಕ ಹಣ ಕೇಳೋದೂ ರಾಜಕೀಯವೇ. ಮೊಟ್ಟೆಗಾಗಿ ದನಿ ಎತ್ತಿದವರು ಪ್ರಯೋಗಾಲಯಕ್ಕಾಗಿಯೂ ಎತ್ತಬೇಕು.